ಗುಮಾಸ್ತನ ಒಂದೇ ಮಾತು

ನೀರು ಸರಬರಾಜು ಕಚೇರಿಯ ಗುಮಾಸ್ತನಿಗೆ ನಾಟಕದಲ್ಲಿ ಇದ್ದದ್ದು ಒಂದೇ ಮಾತು. ಕೊನೆಯ ಅಂಕದಲ್ಲಿ ಗುಂಪಿನಿಂದ ಮುಂದೆ ಬಂದು, ಸಿಂಹಾಸನದ ಕಡೆ ಬೆರಳು ಚಾಚಿ, "ದೊರೆಯೇ, ಇಳಿ. ಆ ಪೀಠ ನಿನ್ನದಲ್ಲ, ನಮ್ಮದು" ಅನ್ನಬೇಕು. ಅಲ್ಲಿಯವರೆಗೆ ಅವನು ಪ್ರತಿ ನಾಟಕದಲ್ಲೂ ಈಟಿ ಹಿಡಿದು ಬಾಗಿಲಲ್ಲಿ ನಿಂತವನೇ. ಹಾಗಾಗಿ ಆ ಮಾತನ್ನು ಬಚ್ಚಲುಮನೆಯಲ್ಲಿ ನಿಂತು ದಿನಾ ಸಾಣೆ ಹಿಡಿಯುತ್ತಿದ್ದ.

ನಾಟಕದ ದಿನ ಬೆಳಿಗ್ಗೆ ಸುದ್ದಿ ಬಂತು. ಮಂತ್ರಿಗಳು ಬರುತ್ತಾರಂತೆ. ಚುನಾವಣೆಯನ್ನು ಎರಡು ಸಲ ಮುಂದೂಡಿದ ಅದೇ ಮಂತ್ರಿಗಳು.

"ರೀ, ಆ ಮಾತು ಬರುವಾಗ ಜೋರಾಗಿ ಕೆಮ್ಮಿಬಿಡಿ," ಅಂದಳು ಹೆಂಡತಿ. "ಜನ ಏನೋ ಹೇಳಿದ ಅಂದ್ಕೊಳ್ತಾರೆ. ಮಂತ್ರಿಗಳು ಪಾಪ ನೆಗಡಿ ಅಂದ್ಕೊಳ್ತಾರೆ."

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾಂಪೌಂಡು ಗೋಡೆಯ ಮೇಲಿಂದ ತಲೆ ತೂರಿಸಿದರು. "ಹೇಳಲೇಬೇಕು ಕಣಯ್ಯಾ! ಮನಸ್ಸಾಕ್ಷಿ ಅಂತ ಒಂದಿದೆ."

"ನೀವೇ ಒಂದ್ಸಲ ಎದ್ದು ಹೇಳಬಹುದಲ್ಲ ಮೇಷ್ಟ್ರೇ?" ಅಂದ ಗುಮಾಸ್ತ.

"ನಂಗೆ ಪಿಂಚಣಿ ಬರುತ್ತಪ್ಪ."

ಕಚೇರಿಯಲ್ಲಿ ಸಾಹೇಬರು ಕರೆಸಿದರು. "ಏನದು ಮಾತು, ಹೇಳು ನೋಡೋಣ." ಅವನು ಹೇಳಿದ. ಸಾಹೇಬರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. "ಪೀಠದ ವಿಷಯ ಬೇಡ. 'ದೊರೆಯೇ, ಇಳಿಯುವಾಗ ಜೋಪಾನ' ಅನ್ನು. ಇಲ್ಲಾಂದ್ರೆ ನಾಳೆಯಿಂದ ಪಂಪ್‌ಹೌಸಿಗೆ ಹೋಗಿ ಕಪ್ಪೆಗಳಿಗೆ ನಾಟಕ ಆಡು."

ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಆ ಮಾತು ಬಾಯಿಪಾಠವಾಗಿತ್ತು. ಹೇಳಬೇಡ ಅನ್ನಲಿಕ್ಕೂ ಅದನ್ನು ಒಮ್ಮೆ ಹೇಳಲೇಬೇಕಲ್ಲ.

ಸಂಜೆ ಬಣ್ಣದ ಕೋಣೆಯಲ್ಲಿ ನಿರ್ದೇಶಕರು ಅವನ ಅಂಟುಮೀಸೆ ಒತ್ತುತ್ತ, "ಕಲಾವಿದನ ಸ್ವಾತಂತ್ರ್ಯಕ್ಕೆ ನಾನು ಅಡ್ಡ ಬರಲ್ಲ," ಅಂದರು. "ಆದ್ರೆ ರಂಗಮಂದಿರದ ಬೀಗದ ಕೈ ಮಂತ್ರಿಗಳ ಕಡೆಯವರ ಹತ್ರ ಇದೆ. 'ದೊರೆಯೇ, ಈ ಪೀಠ ನಿಮಗೇ ಒಪ್ಪುತ್ತೆ' ಅಂದ್ಬಿಡು. ಅರ್ಥ ಏನೂ ಕೆಡಲ್ಲ."

ಮೀಸೆ ಅಂಟಿತು. ಗುಮಾಸ್ತನ ಮನಸ್ಸೂ ಗಟ್ಟಿಯಾಯಿತು. ಇಷ್ಟು ವರ್ಷ ಎಲ್ಲದಕ್ಕೂ 'ಆಯ್ತು ಸಾರ್' ಅಂದದ್ದಾಯಿತು. ಪಂಪ್‌ಹೌಸಾದರೆ ಪಂಪ್‌ಹೌಸು. ಇವತ್ತು ಆ ಮಾತು ಹೇಳಿಯೇ ತೀರುತ್ತೇನೆ.

ಕೊನೆಯ ಅಂಕ. ಅವನು ಮುಂದೆ ಬಂದ. ಬೆರಳು ಚಾಚಿದ. ಎದುರಿಗೆ ಮಂತ್ರಿಗಳು.

"ದೊರೆಯೇ..."

ಅಷ್ಟೇ. ಕೆಮ್ಮು, ಜೋಪಾನ, ಒಪ್ಪುತ್ತೆ, ಎಲ್ಲವೂ ಬಸ್ಸಿನ ಬಾಗಿಲಲ್ಲಿ ನುಗ್ಗಿದ ಹಾಗೆ ತಲೆಯೊಳಗೆ ನುಗ್ಗಿದವು. ನಿಜವಾದ ಮಾತು ಕೆಳಗೇ ಉಳಿಯಿತು. ಪಕ್ಕದ ಪರದೆಯತ್ತ ನೋಡಿದ. ಮರೆತವರಿಗೆ ಮಾತು ಎತ್ತಿಕೊಡಬೇಕಾದ ನಿರ್ದೇಶಕರು ನಾಟಕದ ಪ್ರತಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸೂರು ನೋಡುತ್ತಿದ್ದರು.

ಚಾಚಿದ ಬೆರಳು ಚಾಚಿದಂತೆಯೇ ಇತ್ತು.

ಹಿಂದಿನ ಸಾಲಿನಿಂದ ಯಾರೋ ತಡೆಯಲಾರದೆ, "ಇಳಿ!" ಅಂದರು. "ಆ ಪೀಠ ನಿನ್ನದಲ್ಲ!" ಇನ್ನೊಬ್ಬರು. "ನಮ್ಮದು!" ಇಡೀ ಸಭಾಂಗಣ. ಅದರಲ್ಲಿ ಸಾಹೇಬರ ಹೆಂಡತಿಯ ದನಿಯೇ ಎಲ್ಲಕ್ಕಿಂತ ಮೇಲೆ. ದೊರೆಯ ಪಾತ್ರದವನು ಹೆದರಿ ನಿಜವಾಗಿಯೂ ಇಳಿದುಬಿಟ್ಟ.

ಮಂತ್ರಿಗಳು ಬೆವರು ಒರೆಸಿಕೊಳ್ಳುತ್ತ ವೇದಿಕೆ ಹತ್ತಿ, ಗುಮಾಸ್ತನ ಚಾಚಿದ ಕೈಯನ್ನೇ ಹಿಡಿದು ಕುಲುಕಿದರು. "ಇಷ್ಟು ಜನ ಕೂಗಿದ್ರು. ಬಾಯಿ ಬಿಡದೆ ನಿಂತವರು ಇವರೊಬ್ಬರೇ! ಇನ್ಮೇಲೆ ನಾಟಕಗಳನ್ನ ಮೊದಲೇ ಓದಿ ಬೇಡದ ಮಾತು ತೆಗೆಯೋಕೆ ಒಂದು ಸಮಿತಿ ಮಾಡ್ತೀವಿ. ಅದಕ್ಕೆ ಇವರೇ ಅಧ್ಯಕ್ಷರು. ಏನಂತೀರಿ?"

ಬೇಡ ಅನ್ನಲು ಅವನು ಬಾಯಿ ತೆರೆದ. ಹಳೆಯ ರೂಢಿ ಮೊದಲು ಹೊರಬಂತು.

"ಆಯ್ತು ಸಾರ್."

ಮೊದಲು ಚಪ್ಪಾಳೆ ತಟ್ಟಿದವರು ಸಾಹೇಬರು.

ಮನೆಯ ಗೇಟಿಗೆ ಕೈ ಹಾಕಿದಾಗ ಮಾತು ನೆನಪಾಯಿತು, ಒಂದಕ್ಷರ ಬಿಡದೆ. ಪಕ್ಕದ ಮೆಟ್ಟಿಲು ಹತ್ತುತ್ತಿದ್ದ ಮೇಷ್ಟ್ರಿಗೆ ಕೇಳಲೆಂದೇ ಗಂಟಲು ಹರಿಯುವಂತೆ ಕೂಗಿದ: "ದೊರೆಯೇ, ಇಳಿ. ಆ ಪೀಠ ನಿನ್ನದಲ್ಲ, ನಮ್ಮದು!"

"ಯಾರಿಗಯ್ಯಾ ಹೇಳ್ತಿದ್ದೀಯ?" ಮೇಷ್ಟ್ರು ತಿರುಗಿ ನೋಡಲಿಲ್ಲ. "ಅಧ್ಯಕ್ಷರಿಗಾ?"

ಮೇಷ್ಟ್ರ ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿತ್ತು.