ಹತ್ತು ನಿಮಿಷ ಬಾಕಿಯಿದ್ದ ಪಂದ್ಯ

ಒಂಟಿಯಾಗಿರುವ ಮನುಷ್ಯನಿಗೆ ಯಾವ ಕೆಲಸ ಹೊರಿಸಿದರೂ ಬೇಡ ಎನ್ನುವ ಧೈರ್ಯ ಬರುವುದಿಲ್ಲ. ತೊಂಬತ್ತರ ದಶಕದಲ್ಲಿ ಬಯಲುಸೀಮೆಯಿಂದ ಮೂಡಿಗೆರೆ ಕಡೆಯ ಕಾಲೇಜೊಂದಕ್ಕೆ ಇತಿಹಾಸದ ಮೇಷ್ಟ್ರಾಗಿ ಬಂದ ನನ್ನನ್ನು ಪ್ರಿನ್ಸಿಪಾಲರು ವಾರದೊಳಗೆ ಫುಟ್‌ಬಾಲ್ ತಂಡದ ಮ್ಯಾನೇಜರ್ ಮಾಡಿಬಿಟ್ಟರು. "ಹೆಂಡ್ತಿ ಮಕ್ಳು ಇಲ್ಲ, ಭಾನುವಾರ ಏನು ಮಾಡ್ತೀರಿ ಹೇಳಿ?" ಎಂದರು. ಬಾಡಿಗೆ ಕೋಣೆಯಲ್ಲಿ, ಒಗೆದ ಅಂಗಿಯನ್ನೇ ಮತ್ತೆ ಒಗೆಯುತ್ತೇನೆ ಎಂದು ಹೇಳಲಾದೀತೇ? ಒಪ್ಪಿಕೊಂಡೆ. ಚೆಂಡು ದುಂಡಗಿರುತ್ತದೆ ಎಂಬುದೊಂದನ್ನು ಬಿಟ್ಟರೆ ಆ ಆಟದ ಬಗ್ಗೆ ನನಗೇನೂ ಗೊತ್ತಿರಲಿಲ್ಲ.

ನಮ್ಮ ವಲಯದಲ್ಲಿ ಐದೇ ಕಾಲೇಜು. ಮೊದಲ ಪಂದ್ಯದಲ್ಲಿ ಆರು ಗೋಲಿನಿಂದ ಸೋತೆವು. ಸೋತ ಹುಡುಗರು ಜೀಪಿನಲ್ಲಿ ಹಾಡುತ್ತಾ ಬಂದರು. ಅವರ ನಡುವೆ ಮೊಣಕಾಲು ಮಡಚಿ ಕೂತಿದ್ದ ನಾನು ಆ ಊರಿಗೆ ಬಂದಮೇಲೆ ಮೊದಲ ಸಲ ಮನಸಾರೆ ನಕ್ಕೆ. ಅಷ್ಟರಲ್ಲಿ ಕಾಫಿ ಹಣ್ಣಿನ ಕೊಯ್ಲು ಬಂತು. "ಕೊಯ್ಲು ಸಾರ್" ಎಂಬ ಒಂದೇ ಮಾತಿನ ರಜಾ ಅರ್ಜಿ ಕೊಟ್ಟು ಅರ್ಧ ತಂಡ ತೋಟಗಳಲ್ಲಿ ಮಾಯವಾಯಿತು. ಉಳಿದ ಒಂಬತ್ತು ಜನರನ್ನೇ ಕರೆದುಕೊಂಡು ಮೈದಾನಕ್ಕೆ ಹೋದರೆ ಎದುರು ತಂಡ ಬಂದೇ ಇರಲಿಲ್ಲ. ಅವರಿಗೂ ಕೊಯ್ಲು! ಹೀಗೆ ಕಾಲಾಡಿಸದೆ ಎರಡು ಪಂದ್ಯ ಗೆದ್ದೆವು. ಕಳಸದ ಕಡೆಯವರನ್ನು ಸೋಲಿಸಿದರೆ ನಾವೇ ವಲಯಕ್ಕೆ ಮೊದಲು. ಮುಂದಿನ ಸುತ್ತಿಗೆ ಮಂಗಳೂರು. ನನಗೆ ಕಪ್ಪಿನ ಆಸೆ ಇರಲಿಲ್ಲ. ಮೂರು ದಿನ ಹದಿನಾರು ಜನರ ಜೊತೆ ಪಂಕ್ತಿಯಲ್ಲಿ ಕೂತು ಉಣ್ಣುವ ಆಸೆ ಇತ್ತು. ಹೊಸ ಕೈಚೀಲ ಕೂಡ ಕೊಂಡೆ.

ಮಾರ್ಚ್ ತಿಂಗಳ ಮಧ್ಯಾಹ್ನ ಪಂದ್ಯ. ಬಾಳೂರಿನ ಹುಡುಗ, ನಮ್ಮ ಕ್ಯಾಪ್ಟನ್ ಸುರೇಶನ ಬೆನ್ನಿಗೆ ಬಡಿದ ಚೆಂಡು ತಾನಾಗಿಯೇ ಎದುರಿನವರ ಗೋಲಿಗೆ ಹೋಯಿತು. ಒಂದು ಸೊನ್ನೆ! ಇನ್ನು ಹತ್ತು ನಿಮಿಷ ಬಾಕಿ ಇದ್ದಾಗ ದಪ್ಪ ದಪ್ಪ ಹನಿ ಬಿತ್ತು. ನಮ್ಮ ಗೋಲ್‌ಕೀಪರ್ ಗೋಲು ಬಿಟ್ಟು ಆಕಾಶ ನೋಡುತ್ತಾ ನಿಂತ. ಚೆಂಡು ಕಾಲಲ್ಲೇ ಇದ್ದ ಎದುರಾಳಿಯೂ ಒದೆಯುವುದು ಬಿಟ್ಟು ಆಕಾಶ ನೋಡಿದ. ಮರುಗಳಿಗೆ ಎರಡೂ ತಂಡದವರು ತಬ್ಬಿಕೊಂಡು ಕುಣಿಯುತ್ತಿದ್ದರು. ಸಂಸೆಯಲ್ಲಿ ತೋಟವಿದ್ದ ರೆಫರಿ ಉದ್ದಕ್ಕೆ ಸೀಟಿ ಊದಿ ತನ್ನ ಬೈಕಿನತ್ತ ಓಡಿದರು.

"ಸುರೇಶಾ, ಹತ್ತೇ ನಿಮಿಷ ಕಣೋ!" ಎಂದು ಕೂಗಿದೆ.

"ಹೂಮಳೆ ಸಾರ್! ಇದು ಬರ್ದಿದ್ರೆ ಕಾಫಿ ಹೂವೇ ಬಿಡಲ್ಲ. ನಮ್ಮ ತೋಟಕ್ಕೂ ಬಿತ್ತಾ ನೋಡ್ಬೇಕು. ಮ್ಯಾಚ್ ಬರೋ ವರ್ಷನೂ ಇರ್ತದೆ ಮಾರಾಯ್ರೇ" ಎಂದವನೇ ಬಸ್ಸಿಗೆ ಓಡಿದ.

ಅಷ್ಟು ಜನ ಸಂತೋಷಪಡುವಾಗ ಒಬ್ಬನೇ ದುಃಖಪಡುವುದು ಬಹಳ ಕಷ್ಟ. ಚೆಂಡು ಎತ್ತಿಕೊಂಡು ಮೈದಾನದ ನಡುವೆ ನೆನೆಯುತ್ತಾ ನಿಂತೆ. ಅಳುವೇ ಬಂತು. ಅರ್ಧಕ್ಕೆ ನಿಂತ ಪಂದ್ಯ ಲೆಕ್ಕಕ್ಕಿಲ್ಲವೆಂದು ಇನ್ಯಾವುದೋ ಕಾಲೇಜನ್ನು ಮಂಗಳೂರಿಗೆ ಕಳಿಸಿದರು.

ಆ ಸುದ್ದಿ ಬರುವ ಮೊದಲೇ, ಮಳೆಯ ಮರುದಿನ ಬೆಳಗ್ಗೆ ಹೋಟೆಲಿನಲ್ಲಿ ಎಲ್ಲರದೂ ಒಂದೇ ಮಾತು: "ನಿಮ್ಮಲ್ಲಿ ಎಷ್ಟು?" ಒಬ್ಬರಿಗೆ ಒಂದಿಂಚು, ಇನ್ನೊಬ್ಬರಿಗೆ ಎಪ್ಪತ್ತು ಸೆಂಟ್. ಆ ಸೀಮೆಯಲ್ಲಿ ಮಳೆಯನ್ನು ಹಾಗೆಯೇ ಅಳೆಯುವುದು; ನೂರು ಸೆಂಟ್ ಸೇರಿದರೆ ಒಂದಿಂಚು. ಪಕ್ಕದ ಬೆಂಚಿನ ಹಿರಿಯ ಪ್ಲಾಂಟರೊಬ್ಬರು ನನ್ನ ಕಡೆ ತಿರುಗಿ, "ನಿಮ್ಮಲ್ಲಿ ಎಷ್ಟಾಯ್ತು ಮೇಷ್ಟ್ರೇ?" ಎಂದರು. ಕಾಫಿಯೋ ಟೀಯೋ ಎಂಬುದನ್ನು ಬಿಟ್ಟು ಆ ಹೋಟೆಲಿನಲ್ಲಿ ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ.

"ಎಂಬತ್ತು ಸೆಂಟ್" ಎಂದೆ.

"ಅಡ್ಡಿಲ್ಲ, ಸಾಕಾಗ್ತದೆ. ಆದ್ರೆ ಇಪ್ಪತ್ತು ದಿನದೊಳಗೆ ಇನ್ನೊಂದು ಮಳೆ ಬೇಕು. ಇಲ್ಲಾಂದ್ರೆ ಹೂವು ಕಾಯಿ ಕಟ್ಟಲ್ಲ" ಎಂದು ಅವರು ಸರಿದು, ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಅರ್ಧ ಗಂಟೆ ಮಾತಾಡಿದೆವು.

ಒಂದು ಕಾಫಿ ಗಿಡವೂ ಇಲ್ಲದ ನಾನು ಅಂದಿನಿಂದ ದಿನಾ ಸಂಜೆ ಮೋಡ ನೋಡತೊಡಗಿದೆ. ಹದಿನೆಂಟನೆಯ ದಿನ ಮಳೆ ಬಂತು. ಮರುದಿನ ಎಲ್ಲರಿಗಿಂತ ಮೊದಲೇ ಹೋಟೆಲಿಗೆ ಹೋಗಿ, ಅರವತ್ತು ಸೆಂಟ್ ಎಂದು ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡು, ಕೇಳುವವರ ದಾರಿ ಕಾಯುತ್ತಾ ಕೂತೆ.