ಮೂರು ಫ್ಲಾಸ್ಕು, ಒಂದು ಲೋಟ ಹಾಲು

ಈ ಸಲ ಉಸಿರಾಟದ ಪಾಠವನ್ನು ಬಾಯಲ್ಲಿ ಹೇಳುವುದಿಲ್ಲ, ಕಣ್ಣಿಗೇ ತೋರಿಸುತ್ತೇನೆ ಎಂದು ವಿಜ್ಞಾನದ ಮೇಷ್ಟರು ಪಣ ತೊಟ್ಟರು! ಮೊಳಕೆ ಕಾಳಿನ ಜೀವಕೋಶಗಳು ಆಮ್ಲಜನಕ ಬಳಸಿ ಸಕ್ಕರೆಯನ್ನು ಒಡೆದು ಶಕ್ತಿ ಬಿಡುಗಡೆ ಮಾಡುತ್ತವೆ. ಅದರಲ್ಲಿ ಒಂದಷ್ಟು ಶಾಖವಾಗಿ ಹೊರಬರುತ್ತದೆ. ಅದಕ್ಕೇ ಒಂದು ಫ್ಲಾಸ್ಕಿನಲ್ಲಿ ಮೊಳಕೆ ಬಂದ ಕಾಳು, ಇನ್ನೊಂದರಲ್ಲಿ ಬೇಯಿಸಿ ಕೊಂದು ತಣಿಸಿದ ಕಾಳು.

ಮೂರನೆಯ ಫ್ಲಾಸ್ಕು ಮೇಷ್ಟರ ಅಪ್ಪನದು. ಆಸ್ಪತ್ರೆಯಲ್ಲಿದ್ದ ಅಪ್ಪ ಮೂರು ದಿನದಿಂದ ಏನೂ ಮುಟ್ಟಿರಲಿಲ್ಲ. ಹಿಂದಿನ ಸಂಜೆ ತಾವಾಗಿಯೇ, ಮನೆಯ ಬಿಸಿ ಹಾಲು ಬೇಕು ಎಂದಿದ್ದರು. ಕೇಳಿದ್ದನ್ನೆಲ್ಲ ಕೊಡಿ ಎಂದು ಡಾಕ್ಟರು ಹೇಳಿದ್ದರು. ಆ ಮಾತಿನ ಅರ್ಥ ಮೇಷ್ಟರಿಗೂ ಹೆಂಡತಿಗೂ ಆಗಿತ್ತು.

ಮೂರೂ ಒಂದೇ ಸೆಟ್ಟಿನ ಸ್ಟೀಲ್ ಫ್ಲಾಸ್ಕುಗಳು. ಚೀಟಿ ಅಂಟಿಸಿ ಎಂದು ಹೆಂಡತಿ ಎರಡು ಸಲ ಹೇಳಿದಳು. ಮೂವತ್ತು ವರ್ಷ ಪ್ರಯೋಗ ಮಾಡಿಸಿದವನಿಗೆ ಚೀಟಿಯೇ ಎಂದು ನಕ್ಕ ಮೇಷ್ಟರು, ಬೆಳಿಗ್ಗೆ ಅವಸರದಲ್ಲಿ ಎರಡನ್ನು ಚೀಲಕ್ಕೆ ತುರುಕಿಕೊಂಡು ಹೊರಟರು. ಉಳಿದದ್ದನ್ನು ಅವಳು ಆಸ್ಪತ್ರೆಗೆ ಒಯ್ದಳು.

ತರಗತಿಯಲ್ಲಿ ಮೊದಲ ಫ್ಲಾಸ್ಕಿಗೆ ಥರ್ಮಾಮೀಟರ್ ಇಳಿಬಿಟ್ಟರು. ಇಪ್ಪತ್ತೈದು ಡಿಗ್ರಿ, ಸತ್ತ ಕಾಳು. ಎರಡನೆಯದರಲ್ಲಿ ಅರವತ್ತೆಂಟು! ಪಠ್ಯಪುಸ್ತಕ ಬರೆದವರಿಗೂ ದಕ್ಕದ ಫಲಿತಾಂಶ! ಮೇಷ್ಟರ ಎದೆ ಉಬ್ಬಿತು.

"ನೋಡ್ರೋ, ಜೀವ ಅಂದ್ರೆ ಇದು" ಎಂದು ಫ್ಲಾಸ್ಕನ್ನು ಮೇಜಿನ ಮೇಲೆ ಬೋರಲು ಹಾಕಿದರು.

ಅಪ್ಪನ ಹಾಲು ಹಾಜರಿ ಪುಸ್ತಕವನ್ನು ನೆನೆಸಿ, ಕೆನೆಸಮೇತ ನೆಲಕ್ಕಿಳಿಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಮೇಷ್ಟರು ಕೈಯಲ್ಲಿದ್ದ ಸೀಮೆಸುಣ್ಣವನ್ನೂ ಬಿಡದೆ ಆಸ್ಪತ್ರೆಗೆ ಓಡಿದರು.

ಅಪ್ಪನ ಅಂಗೈಯಲ್ಲಿ ಒಂದು ಹಿಡಿ ಮೊಳಕೆ ಕಾಳಿತ್ತು. ಹೆಂಡತಿ ಮುಖ ಎತ್ತಲಿಲ್ಲ. ತಪ್ಪಾಯಿತು ಎಂದು ಶುರು ಮಾಡಿದ ಮೇಷ್ಟರು ಅಭ್ಯಾಸಬಲದಿಂದ ಇಡೀ ಪಾಠವನ್ನೇ ಒಪ್ಪಿಸಿಬಿಟ್ಟರು: ಸಕ್ಕರೆ, ಶಕ್ತಿ, ಬದುಕಿದ ಕಾಳು ಬೆಚ್ಚಗೆ, ಬೆಂದದ್ದು ತಣ್ಣಗೆ.

ಅಪ್ಪ ಬೊಚ್ಚು ಬಾಯಲ್ಲಿ ನಕ್ಕು, ತಣ್ಣಗಿದ್ದ ಇನ್ನೊಂದು ಕೈಯನ್ನು ಮಗನ ಕೈಯಲ್ಲಿಟ್ಟರು.

"ಮೇಷ್ಟ್ರೇ, ಹಾಗಾದ್ರೆ ನಾನು ಯಾವ ಫ್ಲಾಸ್ಕು?"

ಮೇಷ್ಟರು ಮನೆಗೆ ಓಡಿದರು. ಹಾಲು ಕಾಯಿಸಿ, 'ಅಪ್ಪ' ಎಂದು ದಪ್ಪಕ್ಷರದಲ್ಲಿ ಚೀಟಿ ಅಂಟಿಸಿ, ಈ ಸಲ ಯಾರೂ ಬೆರಳು ತೋರಿಸುವಂತಿಲ್ಲ ಎಂದುಕೊಂಡು ತಂದರು. ಅಪ್ಪ ಎರಡು ಚಮಚ ಕುಡಿದು ಮುಖ ಕಿವುಚಿದರು.

"ಸಕ್ಕರೇನೇ ಹಾಕಿಲ್ವಲ್ಲೋ. ಇನ್ನು ಶಕ್ತಿ ಎಲ್ಲಿಂದ ಬರುತ್ತೆ?"

ಮೇಷ್ಟರು ಸಕ್ಕರೆ ತರಲು ಓಡಿದರು. ತಿರುಗಿ ಬರುವಷ್ಟರಲ್ಲಿ ಹೆಂಡತಿ ಅಪ್ಪನ ಕಣ್ಣೆವೆ ಮುಚ್ಚಿ, ಚಮಚವನ್ನು ತೊಳೆದಿಟ್ಟಿದ್ದಳು.