ಅರ್ಧ ಕ್ಯಾನು ಕಳಿಸದ ಮನೆ

ಲೂಪಸ್ ಕಾಯಿಲೆ ಬಂದ ಮೇಲೆ ಒಂದು ವಿಷಯ ಗೊತ್ತಾಯಿತು. ಆಸ್ಪತ್ರೆ ಫೈಲು ದಪ್ಪ ಆದಷ್ಟೂ ಮನೆಯಲ್ಲಿ ನಗುವ ಪ್ರಸಂಗಗಳೂ ಹೆಚ್ಚುತ್ತವೆ. ನಾನು ಬನಶಂಕರಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಯುವವಳು. ಈ ಪ್ರಸಂಗಗಳಲ್ಲೆಲ್ಲ ನನ್ನ ಜೊತೆಗಿದ್ದವರು ನಮ್ಮತ್ತೆ.

ಚೂರುಪಾರು

ಕಾಲು ಊದಿ, ಮೂತ್ರದಲ್ಲಿ ನೊರೆ ಕಾಣಿಸಿದಾಗ ಜಯನಗರದ ಡಾಕ್ಟರಮ್ಮನ ಹತ್ತಿರ ಹೋದೆವು. ನನ್ನ ಕಸುಬು ಕೇಳಿಕೊಂಡು ಅದರಲ್ಲೇ ವಿವರಿಸಿದರು.

"ನಮ್ಮನ್ನ ಕಾಯೋ ಬಿಳಿ ರಕ್ತಕಣಗಳು ದಿನಾ ಸಾಯ್ತಾನೇ ಇರ್ತವೆ. ಸತ್ತಿದ್ದನ್ನ ಬೇರೆ ಕಣಗಳು ತಕ್ಷಣ ನುಂಗಿ ಚೊಕ್ಕಟ ಮಾಡ್ತವೆ. ನಿಮ್ಮಲ್ಲಿ ಚೂರುಗಳು ಹಾಗೇ ಉಳ್ಕೊಳ್ತಿವೆ. ದೇಹ ಅದನ್ನ ಶತ್ರು ಅಂದ್ಕೊಂಡು ಆಯುಧ ತಯಾರಿಸುತ್ತೆ. ಚೂರೂ ಆಯುಧಾನೂ ಅಂಟ್ಕೊಂಡು ಹೋಗಿ ಕಿಡ್ನಿ ಜರಡೀಲಿ ಕೂತ್ಕೊಳ್ತವೆ. ಮೆಷಿನ್ನಿಗೆ ದಾರದ ಚೂರು ಸಿಕ್ಕಿಹಾಕ್ಕೊಂಡ ಹಾಗೆ."

ಕಿಡ್ನಿ ಉಳಿಯುತ್ತೋ ಇಲ್ಲವೋ ಎಂದು ಹೆದರಿಕೆಯಾಯಿತು, ನಿಜ. ಆದರೆ ನಾನು ಬಾಯಿ ಬಿಟ್ಟುಕೊಂಡು ಕೂತದ್ದು ಬೆರಗಿಗೆ. ಇಷ್ಟು ವರ್ಷ ನಾನು ಹುಕ್ಕು ಹಾಕುತ್ತಾ ಕೂತಿದ್ದಾಗೆಲ್ಲ, ಒಳಗೆ ಲೆಕ್ಕವಿಲ್ಲದಷ್ಟು ಸಾವು ನಡೆದು, ಸದ್ದಿಲ್ಲದೆ ಗುಡಿಸಿಯೂ ಆಗುತ್ತಿತ್ತಲ್ಲ! ಒಂದು ದಿನವೂ ನನಗೆ ಅದರ ಸುಳಿವಿರಲಿಲ್ಲ.

ಅತ್ತೆ ತಲೆ ಚಚ್ಚಿಕೊಂಡರು. "ಬಟ್ಟೆ ಚೂರು ಗುಡಿಸು, ಚೂರು ಗುಡಿಸು ಅಂತ ದಿನಾ ಬಡ್ಕೊಂಡೆ. ಈಗ ಇವಳ ರಕ್ತಾನೂ ಅದೇ ಕಲ್ತಿದೆ ನೋಡಿ ಡಾಕ್ಟ್ರೇ!"

ಫ್ಲಾಸ್ಕು

ಪಕ್ಕದ ಮನೆ ಆಂಟಿ ಒಂದು ಫ್ಲಾಸ್ಕು ಅಮೃತಬಳ್ಳಿ ಕಷಾಯ ತಂದಿಟ್ಟರು. "ಕುಡಿ, ಇಮ್ಯೂನಿಟಿ ಸಖತ್ತಾಗಿ ಏರುತ್ತೆ."

"ಆಂಟಿ, ಅದು ಅತಿಯಾಗೇ ನನಗೆ ಈ ಕಾಯಿಲೆ. ಇಳಿಸೋಕೆ ಮಾತ್ರೆ ಕೊಟ್ಟಿದ್ದಾರೆ."

ಅತ್ತೆ ಕಷಾಯ ಚೆಲ್ಲಿ, ಫ್ಲಾಸ್ಕು ತೊಳೆದು, ಕಾಫಿ ತುಂಬಿ ವಾಪಸ್ ಕೊಟ್ಟರು. ಬಂದ ಪಾತ್ರೆಯನ್ನು ಖಾಲಿ ಕಳಿಸಿದ ಚರಿತ್ರೆ ನಮ್ಮ ಮನೆಯಲ್ಲಿಲ್ಲ. ಆಂಟಿ ಅದನ್ನು ತೆಗೆದುಕೊಂಡರೂ ಬಾಗಿಲಲ್ಲೇ ನಿಂತಿದ್ದರು.

"ಇಳಿಸೋ ಬದಲು, ಮಿಕ್ಕಿದ್ದನ್ನ ನಮ್ಮೆಜಮಾನ್ರಿಗೆ ಕೊಡೋಕಾಗಲ್ವೇನಮ್ಮ? ಮೂರು ಹೊತ್ತೂ ನೆಗಡಿ."

ಕ್ಯಾನು

ಆರು ತಿಂಗಳು ಮಾತ್ರೆ ನುಂಗಿದ ಮೇಲೆ ಪರೀಕ್ಷೆಯ ದಿನ ಬಂತು. ಒಂದಿಡೀ ದಿನದ ಮೂತ್ರವನ್ನು ಕ್ಯಾನಿನಲ್ಲಿ ಹಿಡಿದು ಲ್ಯಾಬಿಗೆ ಕೊಡಬೇಕು. ಅದರಲ್ಲಿ ಪ್ರೋಟೀನು ಇಳಿದಿದ್ದರೆ ಕಿಡ್ನಿ ಚೇತರಿಸಿಕೊಳ್ಳುತ್ತಿದೆ ಎಂದರ್ಥ. ಇಳಿಯದಿದ್ದರೆ ಇನ್ನೂ ಕಠಿಣ ಔಷಧಿ.

ರಿಪೋರ್ಟು ನೋಡಿ ಡಾಕ್ಟರಮ್ಮ ಕನ್ನಡಕ ಒರೆಸಿಕೊಂಡರು. "ಮೈಯ ಸ್ನಾಯುಗಳಿಂದ ದಿನಕ್ಕೆ ಇಷ್ಟೇ ಅಂತ ಬರೋ ಒಂದು ವಸ್ತು ಇದೆ. ನಿಮ್ಮದು ಒಂದೂವರೆ ಪಟ್ಟು ಬಂದಿದೆ. ಇದು ಒಬ್ಬರದ್ದಲ್ಲ!"

ಕ್ಯಾನಿನೊಳಗೆ ಎಷ್ಟು ಜನ ಎಂಬುದನ್ನೂ ಕಂಡುಹಿಡಿಯುತ್ತಾರಲ್ಲ ಎಂದು ನಾನು ಬೆರಗಾದೆ. ಆಮೇಲೆ ಅತ್ತೆಯ ಕಡೆ ತಿರುಗಿದೆ. ಅವರು ಫ್ಯಾನು ನೋಡುತ್ತಿದ್ದರು.

"ಕ್ಯಾನು ಅರ್ಧಾನೂ ತುಂಬಿರ್ಲಿಲ್ಲ," ಎಂದರು ಕೊನೆಗೆ. "ಅರ್ಧ ಪಾತ್ರೆ ಹೇಗೆ ಕಳಿಸೋದು? ಇವಳ ಕಿಡ್ನಿ ಪಾಪ ಸುಸ್ತಾಗಿದೆ. ನಂದು ಗಟ್ಟಿಮುಟ್ಟಾಗಿದೆಯಲ್ಲ, ಸ್ವಲ್ಪ ಸಹಾಯ ಮಾಡ್ಲಿ ಅಂತ..."

ಡಾಕ್ಟರಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನನಗೆ ನಗು, ಅಳು ಎರಡೂ ಬಂತು.

ಮತ್ತೆ ಕ್ಯಾನು ಹಿಡಿದೆವು. ಈ ಸಲ ಬಚ್ಚಲಿನ ಚಿಲಕಕ್ಕೆ ನಾನೇ ಬೀಗ ಹಾಕಿದ್ದೆ. ಪ್ರೋಟೀನು ಅರ್ಧಕ್ಕರ್ಧ ಇಳಿದಿತ್ತು. "ಕಿಡ್ನಿ ಚೇತರಿಸ್ಕೊಳ್ತಿದೆ," ಎಂದರು ಡಾಕ್ಟರಮ್ಮ. ನಾನು ಅತ್ತೆಯನ್ನು ತಬ್ಬಿಕೊಂಡು ಅತ್ತೇಬಿಟ್ಟೆ.

ಅತ್ತೆ ನನ್ನ ಬೆನ್ನು ಸವರುತ್ತಲೇ ಡಾಕ್ಟರಮ್ಮನ ಕಡೆ ಬಾಗಿ ಮೆಲ್ಲಗೆ ಕೇಳಿದರು: "ಹೋದ ಸಲದ್ರಲ್ಲಿ ನಂದು ಹೇಗಿತ್ತು ಡಾಕ್ಟ್ರೇ? ಚೆನ್ನಾಗಿತ್ತಾ?"